ಬಲಗಡೆ ಉಳಿದ ಜಾಗ

ಅಪ್ಪನ ಅಂಗಡಿಗೆ ಹೊಸ ಮಾನಿಟರ್ ಬಂದು ನಾಲ್ಕು ದಿನ. ಇವತ್ತು ಸಂಜೆ ಫೋನ್ ಮಾಡಿದರು. "ಬಿಲ್ಲಿನ ಪರದೆ ಪೂರ್ತಿ ಆಗ್ತಾ ಇಲ್ಲ ಕಣೋ."

ಹೋಗಿ ನೋಡಿದೆ. ಪರದೆ ದೊಡ್ಡದು ಮಾಡುವ ಮೇಲಿನ ಚೌಕ ಒತ್ತಿದರೂ ಬಲಗಡೆ ಕಾಲು ಭಾಗಕ್ಕಿಂತ ಜಾಸ್ತಿ ಖಾಲಿ. ಆ ಸಂದಿಯಲ್ಲಿ ವಾಲ್‌ಪೇಪರಿನ ಅಮ್ಮನ ಫೋಟೋ. ಬರೀ ಸೆರಗು, ಒಂದು ಕೈ, ನಾಲ್ಕು ಬಳೆ.

ಹಳೆ ಮಾನಿಟರ್ 1366 ಬೈ 768 ಪಿಕ್ಸೆಲ್, ಅಂದರೆ ಪರದೆಯ ಚುಕ್ಕಿಗಳು. ಹೊಸದು 1920 ಬೈ 1080. ಕೆಲವು ಪ್ರೋಗ್ರಾಮ್‌ಗಳು ಮುಚ್ಚುವಾಗ ತಮ್ಮ ಅಳತೆ ಬರೆದಿಟ್ಟುಕೊಳ್ಳುತ್ತವೆ. ಮತ್ತೆ ತೆರೆದಾಗ ಅಷ್ಟೇ ಜಾಗದಲ್ಲಿ ಕೂರುತ್ತವೆ. ಸುತ್ತ ಎಷ್ಟು ಜಾಗ ಬಂದರೂ ಅಷ್ಟೇ.

ಆಲ್ಟ್, ಸ್ಪೇಸ್ ಒಟ್ಟಿಗೆ ಒತ್ತಿ, ಬಂದ ಪಟ್ಟಿಯಲ್ಲಿ ರಿಸ್ಟೋರ್ ಕೊಟ್ಟೆ. ಅಂಚು ಹಿಡಿದು ಎಳೆದು ದೊಡ್ಡದು ಮಾಡಿ, ಮುಚ್ಚಿದೆ. ಶಾರ್ಟ್‌ಕಟ್‌ನ ಪ್ರಾಪರ್ಟೀಸ್‌ನಲ್ಲಿ ರನ್ ಎದುರು ಮ್ಯಾಕ್ಸಿಮೈಸ್ಡ್ ಆರಿಸಿದೆ. ತೆರೆದರೆ ಪರದೆ ತುಂಬಾ ಬಿಲ್ಲು!

ಅಪ್ಪ ಮಾತ್ರ ಮೊದಲಿನ ಹಾಗೇ ಕತ್ತು ಚಾಚಿ, ಕಣ್ಣು ಕಿರಿದು ಮಾಡಿ ಓದುತ್ತಿದ್ದರು. ಎಷ್ಟು ವರ್ಷದ ಅಭ್ಯಾಸ, ಅಲ್ವಾ? ನೋಡಿ ಹೊಟ್ಟೆಯಲ್ಲಿ ಏನೋ ಆಯಿತು. ಈ ಮಾನಿಟರ್ ಇನ್ನೂ ಮೊದಲೇ ತರಬೇಕಿತ್ತು.

"ಹಿಂದೆ ಒರಗಿ ಕೂತ್ಕೊಳ್ಳಿ ಅಪ್ಪಾ, ಅಲ್ಲಿಂದಲೇ ಕಾಣುತ್ತೆ" ಅಂದೆ.

ಕುರ್ಚಿ ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು.