"ನಿಮ್ಕಡೆ ವಿಚಿತ್ರವಾದ ಜಾಗ ಯಾವ್ದಿದೆ?" ಅಂತ ಕೇಳೋರಿಗೆ

ಸಕಲೇಶಪುರದವ್ನು ಅಂತ ಗೊತ್ತಾದ ತಕ್ಷಣ ಎಲ್ರೂ ಕೇಳೋದು ಒಂದೇ: ಫಾಲ್ಸು, ವ್ಯೂ ಪಾಯಿಂಟು ಎಲ್ಲಾ ನೋಡಾಯ್ತು, ಬೇರೆ ಥರದ್ದು, ಸ್ವಲ್ಪ ವಿಚಿತ್ರವಾಗಿರೋದು ಏನಾದ್ರೂ ಇದ್ರೆ ಹೇಳಿ. ನಾನು ಪ್ರತೀ ಸಲ ರಿಡ್ಜ್ ಅಂತೀನಿ, ಅಂದ್ರೆ ಮಳೆನೀರು ಎರಡು ಕಡೆಗೆ ಪಾಲಾಗೋ ಏರು. ಹೋಗಿ ಬಂದವ್ರಲ್ಲಿ ಅರ್ಧ ಜನ ನಂಗೆ ಬೈದಿದ್ದಾರೆ.

ಬೈಯೋದ್ರಲ್ಲಿ ತಪ್ಪೇನಿಲ್ಲ ಬಿಡಿ, ಅಲ್ಲಿ ಫೋಟೋ ತೆಗಿಯೋ ಅಂಥದ್ದೇನೂ ಇಲ್ಲ. ಹೆತ್ತೂರು ಮೇಲೆ ಬಿಸಿಲೆ ಕಡೆ ಹೋಗೋವಾಗ ಮಂಕನಹಳ್ಳಿ ಹತ್ರ ಒಂದು ಕಲ್ಲು ನೆಟ್ಟಿದ್ದಾರೆ, ಬ್ರಿಟಿಷರ ಕಾಲದ್ದು ಅಂತಾರೆ, ಒಂದ್ಕಡೆ ಬೇ ಆಫ್ ಬೆಂಗಾಲ್, ಇನ್ನೊಂದ್ಕಡೆ ಅರೇಬಿಯನ್ ಸೀ ಅಂತ ಇಂಗ್ಲಿಷಲ್ಲಿ ಕೆತ್ತಿದೆ, ಅಷ್ಟೇ. ಆದ್ರೆ ಜೋರು ಮಳೇಲಿ ಹೋಗಿ ನಿಂತ್ಕೊಳ್ಳಿ. ಕಲ್ಲಿಂದ ಆ ಕಡೆ ಬಿದ್ದ ನೀರು ಕುಮಾರಧಾರೆ ಸೇರಿ, ಉಪ್ಪಿನಂಗಡೀಲಿ ನೇತ್ರಾವತಿಗೆ ಸಿಕ್ಕಿ, ಮಂಗಳೂರು ಹತ್ರ ಸಮುದ್ರಕ್ಕೆ ಹೋಗ್ಬಿಡುತ್ತೆ. ಈ ಕಡೆ ಬಿದ್ದಿದ್ದು ಹೇಮಾವತಿಗೆ, ಅಲ್ಲಿಂದ ಗೊರೂರು ಡ್ಯಾಮು, ಕೆಆರ್‌ಎಸ್ ಹಿನ್ನೀರಲ್ಲಿ ಕಾವೇರಿ, ಆಮೇಲೆ ಇಡೀ ತಮಿಳುನಾಡು ದಾಟಿ ಪೂಂಪುಹಾರ್‌ ಹತ್ರ ಬಂಗಾಳಕೊಲ್ಲಿ. ಒಂದೇ ಮೋಡದ ಎರಡು ಹನಿ, ಬಿದ್ದ ಜಾಗ ಗೇಣುದ್ದ ಆಚೀಚೆ ಆಗಿದ್ದಕ್ಕೆ ಇಷ್ಟು ದೂರ ದೂರ. ಪಶ್ಚಿಮದ ಕಡಲು ಇಲ್ಲೇ ಘಾಟಿ ಕೆಳಗೆ ಇದೆ, ಆದ್ರೂ ನಮ್ಮ ಹಾಸನ ಜಿಲ್ಲೆಯ ಹೆಚ್ಚಿನ ನೀರು ಅದಕ್ಕೆ ಬೆನ್ನು ಹಾಕಿ ಪೂರ್ವಕ್ಕೆ ನಡೆಯುತ್ತೆ, ಯಾಕಂದ್ರೆ ಘಟ್ಟ ಆ ಕಡೆ ಗೋಡೆ ಥರ ಕಡಿದು ಬಿದ್ದಿದೆ, ಈ ಕಡೆ ನಿಧಾನಕ್ಕೆ ಇಳಿಜಾರು.

ಹೋದ ವರ್ಷ ಬೆಂಗಳೂರಿಂದ ಚಿಕ್ಕಪ್ಪನ ಮಗ ಬಂದಿದ್ದ, ಕರ್ಕೊಂಡು ಹೋದೆ. "ಅಣ್ಣ, ಇದನ್ನ ನೋಡೋಕಾ ಇಷ್ಟು ದೂರ ಬಂದಿದ್ದು?" ಅಂದ. ಮಳೆ ಹೊಡಿತಾ ಇತ್ತು, ಅವ್ನ ಹೊಸ ಶೂ ಒಳಗೆ ರಕ್ತ ಹೀರೋ ಇಂಬಳ ಬೇರೆ. ನಾನು ಮಾತಾಡ್ಲಿಲ್ಲ, ರೋಡ್ ಅಂಚಲ್ಲಿ ಹರಿಯೋ ಕೆಂಪು ನೀರು ತೋರ್ಸ್ದೆ. ಒಂದು ಹಲಸಿನ ಎಲೆ ಏರಲ್ಲಿ ಸಿಕ್ಕಾಕೊಂಡು ಅತ್ಲಾಗೆ ಹೋಗ್ಲಾ ಇತ್ಲಾಗೆ ಹೋಗ್ಲಾ ಅಂತ ಗಿರ್ರನೆ ತಿರುಗ್ತಿತ್ತು. ಅವ್ನು ಕೊಡೆ ಹಿಡ್ಕೊಂಡು ಕುಕ್ಕರಗಾಲಲ್ಲಿ ಕೂತ, ಕೊನೆಗೆ ಅದು ಹೇಮಾವತಿ ಕಡೆ ಜಾರ್ತು, "ಹೋಯ್ತು, ತಮಿಳುನಾಡಿಗೆ!" ಅಂತ ಕೂಗಿದ. ಆಮೇಲೆ ಹದಿನೈದು ನಿಮಿಷ ಎದ್ದೇಳ್ಲಿಲ್ಲ, ಎಲೆ ಕಿತ್ತು ಕಿತ್ತು ಬಿಡ್ತಾ ಇದ್ದ.

ಇನ್ನೊಂದು ತಮಾಷೆ. ಈ ಏರು ಮಾಡಿರೋ ಪಾಲು ನಮ್ಗೆ ಒಪ್ಪಿಗೆ ಇಲ್ಲ. ಪಶ್ಚಿಮಕ್ಕೆ ಹರಿಯೋ ಎತ್ತಿನಹೊಳೆ ಮತ್ತೆ ಅಕ್ಕಪಕ್ಕದ ಹಳ್ಳಗಳ ನೀರನ್ನ ಪಂಪ್ ಹಾಕಿ ಮೇಲೆತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆ ತಿರುಗ್ಸೋಕೆ ಹೊರಟಿದ್ದಾರೆ, ಯೋಜನೆ ಲೆಕ್ಕ 24.01 ಟಿಎಂಸಿ, ಮೊದಲ ಹಂತ 2024ರ ಸೆಪ್ಟೆಂಬರಲ್ಲಿ ಇಲ್ಲೇ ನಮ್ಮ ತಾಲೂಕಲ್ಲಿ ಉದ್ಘಾಟನೆ ಆಯ್ತು. ಸರೀನೋ ತಪ್ಪೋ ಅಂತ ಜಗಳ ಆಡೋರು ಆಡ್ಲಿ, ಆ ಪೈಪಿನ ಗಾತ್ರ ನೋಡಿದ್ಮೇಲೆ ನಂಗೆ ಈ ಸಣ್ಣ ಏರಿನ ತಾಕತ್ತು ಏನು ಅಂತ ಗೊತ್ತಾಗಿದ್ದು.

ಚಿಕ್ಕಮಗಳೂರು ಕಡೆ ಹೋಗೋರು ಗುರಿಗೆ ಹೂ ಕೇಳ್ತಾರೆ, ನೀಲಕುರಿಂಜಿ. 2022ರಲ್ಲಿ ಚಂದ್ರದ್ರೋಣ ಬೆಟ್ಟ ಪೂರ್ತಿ ನೀಲಿ ಆಗಿತ್ತು, ವರ್ಷಗಟ್ಟಲೆ ಸುಮ್ನಿದ್ದು ಒಂದೇ ಸಲ ಹೂ ಬಿಟ್ಟು ಬೀಜ ಉದುರ್ಸಿ ಗಿಡನೇ ಸತ್ತೋಗುತ್ತೆ. ಚೆಂದವೇ. ಆದ್ರೆ ನಾನು ಹೂವಿಗಿಂತ ಕಾರ್‌ಗಳನ್ನೇ ಜಾಸ್ತಿ ನೋಡ್ದೆ.

ರಿಡ್ಜ್‌ಗೆ ಹೋಗೋರು ಜುಲೈಯಲ್ಲಿ ಹೋಗಿ, ಬೇಸಿಗೇಲಿ ಅದು ಬರೀ ಕಲ್ಲು. ಉಪ್ಪು, ಹೊಗೆಸೊಪ್ಪು ಇಟ್ಕೊಳ್ಳಿ, ಇಂಬಳಕ್ಕೆ. ಹಾಗೇ ಮುಂದೆ ಬಿಸಿಲೆ ವ್ಯೂ ಪಾಯಿಂಟಿಗೆ ಹೋದ್ರೆ ಕುಮಾರ ಪರ್ವತ ಕಾಣುತ್ತೆ, ಮಂಜು ಬಿಟ್ರೆ. ಬೈಯೋದಿದ್ರೆ ವಾಪಸ್ ಬಂದ್ಮೇಲೆ ಬೈರಿ.