ಮಗಳು ನಿದ್ದೆ ಮಾಡಲೇಬೇಕಿದ್ದ ದಿನ

"ದಾರೀಲಿ ಮಗು ಮಲಗದ ಹಾಗೆ ನೋಡ್ಕೊಳ್ಳಿ" ಎಂದು ಆಸ್ಪತ್ರೆಯವರು ಹಿಂದಿನ ದಿನವೇ ಹೇಳಿದ್ದರು. ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡುವಾಗ ಮಗು ಅಲ್ಲಾಡಬಾರದು. ಅದಕ್ಕೆ ನಿದ್ದೆಯ ಸಿರಪ್ ಕುಡಿಸುತ್ತಾರೆ. ರೈಲಿನಲ್ಲೇ ಒಂದು ಗಳಿಗೆ ಮಲಗಿ ಎದ್ದುಬಿಟ್ಟರೆ ಸಿರಪ್ಪಿಗೂ ಜಗ್ಗುವುದಿಲ್ಲವಂತೆ. ಹಾಲೂ ಕೊಡುವಂತಿಲ್ಲ, ಹೊಟ್ಟೆ ಖಾಲಿ ಇರಬೇಕು. ಹದಿನಾಲ್ಕು ತಿಂಗಳ ಮಗುವಿಗೆ ಹಾಲೂ ಇಲ್ಲ, ನಿದ್ದೆಯೂ ಇಲ್ಲ. ಹೇಳುವವರಿಗೇನು, ಸುಲಭ.

ಮಂಡ್ಯದಲ್ಲಿ ಬೆಳಗಿನ ರೈಲು ಹತ್ತಿದೆವು. ಯಲಿಯೂರು ದಾಟುವಷ್ಟರಲ್ಲೇ ಅವಳ ಕಣ್ಣು ಎಳೆಯತೊಡಗಿತು. ನಮ್ಮೆಜಮಾನರು ಬೈಕಿನ ಕೀ ಅಲ್ಲಾಡಿಸಿದರು, ಒದ್ದೆ ಟವೆಲ್ಲಿನಲ್ಲಿ ಮುಖ ಒರೆಸಿದರು. ಎದುರಿಗಿದ್ದ ಅಜ್ಜಿಯೊಬ್ಬರು "ಪಾಪ, ಮಲಗಕ್ಕೆ ಬಿಡ್ರಪ್ಪ ಕೂಸ್ನ" ಎಂದು ನಮಗೇ ಬೈದರು. ಅವರಿಗೆ ಎಲ್ಲಿಂದ ಶುರು ಮಾಡಿ ಹೇಳುವುದು? ಸುಮ್ನೆ ನಕ್ಕೆ. ನಮ್ಮನ್ನು ಕಾಪಾಡಿದ್ದು ಶ್ರೀರಂಗಪಟ್ಟಣದ ಸೇತುವೆಗಳು. ಕಾವೇರಿಯ ಒಂದು ಕವಲು, ಆಮೇಲೆ ಇನ್ನೊಂದು ಕವಲು. ಆ ಧಡಧಡ ಸದ್ದಿಗೆ ಎರಡು ಸಲವೂ ಬೆಚ್ಚಿ ಕಣ್ಣು ಬಿಟ್ಟಳು.

ಇಷ್ಟಕ್ಕೆಲ್ಲ ಕಾರಣ ಅಂಗನವಾಡಿಗೆ ಬಂದ ಡಾಕ್ಟರ್. ಮಕ್ಕಳನ್ನು ನೋಡಲು ಆರೋಗ್ಯ ಇಲಾಖೆಯ ತಂಡ ಬರುತ್ತದಲ್ಲ, ಅವರು. ಎದೆಗೆ ಸ್ಟೆತಸ್ಕೋಪ್ ಇಟ್ಟವರು ತೆಗೆಯಲೇ ಇಲ್ಲ. "ಹಾಲು ಕುಡಿಯುವಾಗ ಬೆವರ್ತಾಳಾ?" ಎಂದರು. ಬೆವರುತ್ತಿದ್ದಳು. ಚಳಿಗಾಲದಲ್ಲೂ ಹಣೆ ಒದ್ದೆ. ನಾಲ್ಕು ಗುಟುಕು ಕುಡಿದು, ಬಿಟ್ಟು, ಏದುಸಿರು ಬಿಟ್ಟು, ಮತ್ತೆ ಕುಡಿಯುತ್ತಿದ್ದಳು. ಅದು ಕಾಯಿಲೆ ಎಂದು ನನಗೆ ಹೊಳೆದಿರಲಿಲ್ಲ. ಕೆಮ್ಮು, ಜ್ವರ ಎಂದು ಮೂರು ಸಲ ಒಂದೇ ಕ್ಲಿನಿಕ್ಕಿಗೆ ಹೋಗಿದ್ದೆವು. ಮೂರು ಸಲವೂ ಒಂದೇ ಕೆಮ್ಮಿನ ಔಷಧಿ. ಎತ್ತಿಕೊಂಡರೆ ಎದೆಯಲ್ಲಿ ಗುರ್ ಗುರ್ ಎಂದು ಕೈಗೆ ಸಿಗುತ್ತಿತ್ತು. ನಮ್ಮತ್ತೆ ಕಫ ಎಂದು ನೀಲಗಿರಿ ಎಣ್ಣೆ ಹಚ್ಚುತ್ತಿದ್ದರು. ಅವರನ್ನೇನೂ ಅನ್ನುವುದಿಲ್ಲ, ನನಗೂ ಕಫ ಅಂತಲೇ ಅನ್ನಿಸಿತ್ತು.

ಮೈಸೂರಿನಲ್ಲಿ ಆಟೋದವರಿಗೆ "ಜಯದೇವ" ಎಂದರೆ ಸಾಕು. ಕೆ.ಆರ್.ಎಸ್. ರಸ್ತೆಯಲ್ಲಿ ನೇರ ತಂದು ಬಿಟ್ಟರು. ಅದು ಹಳೇ ಪಿ.ಕೆ. ಸ್ಯಾನಿಟೋರಿಯಂ ಜಾಗ. ಕ್ಷಯದಿಂದ ತೀರಿಕೊಂಡ ಸಹೋದರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ ನಾಲ್ವಡಿಯವರು ಕಟ್ಟಿಸಿದ್ದು ಎಂದು ಆಟೋದವರು ಹೇಳುತ್ತಲೇ ಇದ್ದರು. ನಾನು ಅರ್ಧ ಮಾತ್ರ ಕೇಳಿಸಿಕೊಂಡೆ. ಮಗಳು ತೂಕಡಿಸುತ್ತಿದ್ದಳು.

ಒಳಗೆ ಮೊದಲು ತೂಕ. 7.2 ಕೆ.ಜಿ. ತೂಕ ನೋಡಿ ಸಿರಪ್ ಅಳೆದುಕೊಟ್ಟರು. ಅರ್ಧ ಉಗಿದಳು. ಸ್ವಲ್ಪ ಹೊತ್ತು ಬಿಟ್ಟು, ಲೆಕ್ಕ ಹಾಕಿ, ಇನ್ನೊಂದಿಷ್ಟು ಕೊಟ್ಟರು. ಆಮೇಲೆ ನೋಡಿ ತಮಾಷೆ. ಮಂಡ್ಯದಿಂದ ತೂಕಡಿಸಿಕೊಂಡೇ ಬಂದವಳು ಪಿಳಿಪಿಳಿ ಕಣ್ಣು ಬಿಟ್ಟುಕೊಂಡು ಕೂತಳು! ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ಎಷ್ಟು ಸಲ ನಡೆದೆನೋ. ನನ್ನ ಹಾಗೇ ಇನ್ನೂ ಮೂರು ತಾಯಂದಿರು ಹೆಗಲ ಮೇಲೆ ಮಗು ಹಾಕಿಕೊಂಡು ನಡೆಯುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ, ತಟ್ಟುವ ಸದ್ದು ಮಾತ್ರ. ಅವರಲ್ಲೊಬ್ಬಾಕೆ, ಎಚ್.ಡಿ. ಕೋಟೆ ಕಡೆಯವರು, ಹತ್ತಿರ ಬಂದು ಪಿಸುಗುಟ್ಟಿದರು: "ಬೆನ್ನು ತಟ್ಬೇಡ, ಹುಬ್ಬಿನ ಮಧ್ಯ ಸವರು." ಸವರಿದೆ. ಐದೇ ನಿಮಿಷ, ಕತ್ತು ವಾಲಿತು.

ಎಕೋ ಕೋಣೆ ಕತ್ತಲು. ಎದೆಯ ಮೇಲೆ ತಣ್ಣನೆ ಜೆಲ್ ಬಿದ್ದಾಗ ಮುಖ ಹಿಂಡಿದಳು, ಏಳಲಿಲ್ಲ. ಪರದೆಯ ಮೇಲೆ ಕೆಂಪು, ನೀಲಿ ಬಣ್ಣ ಚಿಮ್ಮುತ್ತಿತ್ತು. ನೀಲಿ ಕಂಡಾಗಲೆಲ್ಲ ನನ್ನ ಜೀವ ಹಾರುತ್ತಿತ್ತು, ಕೆಟ್ಟ ರಕ್ತ ಎಂದುಕೊಂಡು. ಡಾಕ್ಟರಿಗೆ ಗೊತ್ತಾಯಿತೇನೋ. "ಕೆಂಪು ಅಂದ್ರೆ ಒಳ್ಳೇದು, ನೀಲಿ ಅಂದ್ರೆ ಕೆಟ್ಟದು ಅಂತಲ್ಲಮ್ಮ. ರಕ್ತ ಈ ಕಡೆ ಬಂದ್ರೆ ಕೆಂಪು, ಆ ಕಡೆ ಹೋದ್ರೆ ನೀಲಿ, ಅಷ್ಟೇ" ಎಂದರು.

ಮುಗಿದ ಮೇಲೆ ಅವರು ಮಾಡಿದ್ದನ್ನು ನಾನು ಮರೆಯುವುದಿಲ್ಲ. ಸ್ಟೆತಸ್ಕೋಪನ್ನು ನನ್ನ ಕಿವಿಗೆ ಹಾಕಿ, ಅದರ ಬಿಲ್ಲೆಯನ್ನು ಮಗಳ ಎಡಗಡೆ ಕತ್ತಿನ ಮೂಳೆಯ ಕೆಳಗೆ ಇಟ್ಟರು. ಲಬ್ ಡಬ್ ಕೇಳುತ್ತದೆ ಎಂದುಕೊಂಡಿದ್ದೆ. ಅದಲ್ಲ. ನಡುವೆ ಬಿಡುವೇ ಇಲ್ಲದ ಒಂದು ಗುಂಯ್ ಸದ್ದು, ಏರುವುದು, ಇಳಿಯುವುದು, ನಿಲ್ಲುವುದಿಲ್ಲ. ರಾತ್ರಿ ಹೊತ್ತು ಎರಡು ಗದ್ದೆ ಆಚೆ ಆಲೆಮನೆಯಲ್ಲಿ ಗಾಣ ಓಡಿದರೆ ನಮ್ಮ ಮನೆಗೆ ಕೇಳುತ್ತದಲ್ಲ, ಥೇಟ್ ಹಾಗೆ. ಡಾಕ್ಟರುಗಳೂ ಇದನ್ನು ಮೆಷಿನ್ ಸದ್ದು ಅಂತಲೇ ಕರೆಯುತ್ತಾರಂತೆ. ಇಷ್ಟು ದಿನ ನನ್ನ ಕೈಗೆ ಸಿಗುತ್ತಿದ್ದ ಕಫ ಇದೇ.

ಕಾಯಿಲೆಯ ಹೆಸರು ಪಿಡಿಎ. ಹೊಟ್ಟೆಯೊಳಗಿದ್ದಾಗ ಮಗು ಉಸಿರಾಡುವುದಿಲ್ಲ. ಅದಕ್ಕೇ ಶ್ವಾಸಕೋಶಕ್ಕೆ ಹೋಗುವ ರಕ್ತವನ್ನು ದೊಡ್ಡ ರಕ್ತನಾಳಕ್ಕೆ ತಿರುಗಿಸುವ ಒಂದು ಸಣ್ಣ ಕೊಳವೆ ಇರುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ಮುಚ್ಚಿಕೊಳ್ಳಬೇಕು. ಇವಳದು ಮುಚ್ಚಿರಲಿಲ್ಲ. ಈಗ ರಕ್ತ ಉಲ್ಟಾ ಹರಿದು ಶ್ವಾಸಕೋಶಕ್ಕೇ ಜಾಸ್ತಿ ನುಗ್ಗುತ್ತಿತ್ತು. ಆ ಬೆವರು, ಏದುಸಿರು, ಕೆಮ್ಮು ಎಲ್ಲಕ್ಕೂ ಅದೇ ಕಾರಣ. ಅಲ್ಲಿಯವರೆಗೂ ಬಾಯಿ ಬಿಡದಿದ್ದ ನಮ್ಮೆಜಮಾನರು, "ಅಂದ್ರೆ ತೂಬು ಮುಚ್ಚಿಲ್ಲ ಅನ್ನಿ" ಎಂದರು. ಡಾಕ್ಟರ್ ನಕ್ಕು, "ಅದೇ. ಎದೆ ಕೊಯ್ಯೋದು ಬೇಡ. ತೊಡೆಯ ರಕ್ತನಾಳದಿಂದ ತಂತಿ ಕಳಿಸಿ ಬಿರಡೆ ಹಾಕಬಹುದು" ಎಂದರು. ಆಮೇಲೆ ಓದಿ ತಿಳಿದುಕೊಂಡೆ. ಇದನ್ನು ಮೊದಲ ಬಾರಿ ಯಶಸ್ವಿಯಾಗಿ ಆಪರೇಷನ್ ಮಾಡಿ ಕಟ್ಟಿದ್ದು 1938ರಲ್ಲಿ, ಅಮೆರಿಕದ ಬಾಸ್ಟನ್ನಿನಲ್ಲಿ, ರಾಬರ್ಟ್ ಗ್ರಾಸ್ ಎಂಬ ಡಾಕ್ಟರ್. ಅವರು ಆಪರೇಷನ್ ಮಾಡಿದ್ದೂ ಒಬ್ಬ ಪುಟ್ಟ ಹುಡುಗಿಗೇ. ಅವಳಿಗೆ ಮಾತ್ರ ಎದೆ ಕೊಯ್ದೇ ಮಾಡಬೇಕಾಯಿತು.

ಮಧ್ಯಾಹ್ನ ಇನ್ನೊಂದು ಕಥೆ. ಮಗು ಪೂರ್ತಿ ಎಚ್ಚರವಾಗಿ ಹಾಲು ಕುಡಿದ ಮೇಲೇ ಹೊರಡಬೇಕು ಎಂದರು. ಈಗ ಎಬ್ಬಿಸುವ ಸರದಿ! ಅದೇ ಬೈಕಿನ ಕೀ, ಅದೇ ಟವೆಲ್. ಮೂರು ಗಂಟೆಗೆ ಎದ್ದು, ಎಲ್ಲರ ಮೇಲೂ ಮುನಿಸಿಕೊಂಡು, ಬೆವರುತ್ತಲೇ ಹಾಲು ಕುಡಿದಳು.

ರೇಷನ್ ಕಾರ್ಡಿಗೆ ಅವಳ ಹೆಸರು ಸೇರಿಸಿರಲಿಲ್ಲ, ತಪ್ಪು ನಮ್ಮದೇ. ಆಯುಷ್ಮಾನ್ ಯೋಜನೆಯಲ್ಲಿ ಮಾಡಿಸಲು ಆ ಕಾಗದ ಈ ಕಾಗದ ಎಂದು ಅಲೆದದ್ದು ಬೇರೆ. ಒಂದೂವರೆ ತಿಂಗಳ ಮೇಲೆ ಬೆಂಗಳೂರಿನಲ್ಲಿ ಬಿರಡೆ ಹಾಕಿದರು. ಮೂರನೇ ದಿನ ಮನೆಗೆ ಬಂದೆವು. ತೊಡೆಯ ಮೇಲೆ ಸೊಳ್ಳೆ ಕಚ್ಚಿದಷ್ಟು ಗುರುತು.

ತಪಾಸಣೆಗೆ ಮತ್ತೆ ಮೈಸೂರಿಗೆ ಹೋದಾಗ ನಾನೇ ಕೇಳಿ ಸ್ಟೆತಸ್ಕೋಪ್ ಹಾಕಿಸಿಕೊಂಡೆ. ಅದೇ ಜಾಗ. ಲಬ್ ಡಬ್, ನಡುವೆ ಏನೂ ಇಲ್ಲ. ಇನ್ನೂ ಸ್ವಲ್ಪ ಹೊತ್ತು ಕೇಳಬೇಕು ಎನ್ನುವಷ್ಟರಲ್ಲಿ ಮಗಳು ಕೊಳವೆ ಹಿಡಿದು ಎಳೆದಳು, ನನ್ನ ಕಿವಿಯಿಂದ ಕಿತ್ತುಬಂತು.