ಕುದುರೆ ಲಾಯದ ಕೆಲಸ ಮತ್ತು ವ್ಯಸನಮುಕ್ತಿ

ವ್ಯಸನಮುಕ್ತಿಗೆ ಕುದುರೆ ಎಂದಾಕ್ಷಣ ಎಲ್ಲರಿಗೂ ಸವಾರಿ ನೆನಪಾಗುತ್ತದೆ. ಆದರೆ ಕುದುರೆಯ ಆರೈಕೆ ಮಾಡಿಸುತ್ತ ಚಟ ಬಿಡಲು ನೆರವಾಗುವ ಈ ಚಿಕಿತ್ಸೆಯ ಬಹುಪಾಲು ನಡೆಯುವುದು ನೆಲದ ಮೇಲೆ ನಿಂತೇ: ಲದ್ದಿ ಬಾಚುವುದು, ಮೈ ಉಜ್ಜುವುದು, ಗೊರಸು ಕೆರೆಯುವುದು, ಹೊತ್ತಿಗೆ ಸರಿಯಾಗಿ ಮೇವು ಹಾಕುವುದು. 1999ರಲ್ಲಿ ಅಮೆರಿಕದಲ್ಲಿ ಶುರುವಾದ ಈಗಾಲಾ ಸಂಸ್ಥೆಯ ಪದ್ಧತಿಯೂ ಇದನ್ನೇ ನೆಚ್ಚಿಕೊಂಡಿದೆ. ಅಲ್ಲಿ ಒಬ್ಬ ಮನೋಚಿಕಿತ್ಸಕರು, ಕುದುರೆಯ ಸ್ವಭಾವ ಬಲ್ಲ ಇನ್ನೊಬ್ಬರು, ಇಬ್ಬರೂ ಜೊತೆಗಿರಬೇಕು.

ಓಸ್ಲೊ ವಿಶ್ವವಿದ್ಯಾಲಯ ಆಸ್ಪತ್ರೆಯ 108 ಯುವ ರೋಗಿಗಳ ಮೇಲಿನ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಲಾಯಕ್ಕೆ ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಚಿಕಿತ್ಸೆ ಪೂರೈಸಿದರು. ಹೋಗದವರಲ್ಲಿ ಏಳಕ್ಕೆ ಒಬ್ಬರು. ಇವರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿದ್ದಲ್ಲ, ಮೊದಲೇ ಮನಸ್ಸಿದ್ದವರು ಲಾಯದ ಕಡೆ ಹೆಚ್ಚಾಗಿ ಬಂದಿರಬಹುದು. ಹಾಗಾಗಿ ಕುದುರೆಯೇ ಚಟ ಬಿಡಿಸಿತು ಎನ್ನಲಾಗದು. ಆದರೆ ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟುಹೋಗುವುದು ಈ ಕ್ಷೇತ್ರದ ದೊಡ್ಡ ಸಂಕಟ, ಅಲ್ಲಿ ಇದು ಸಹಾಯಕ್ಕೆ ಬರುವಂತಿದೆ.

ಮದ್ಯ ಬಿಟ್ಟ ಮೊದಲ ದಿನಗಳಲ್ಲಿ ಯಾರನ್ನೂ ಕುದುರೆಯ ಹತ್ತಿರ ಬಿಡಬಾರದು. ಕೊನೆಯ ಗುಟುಕಿನ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು, ಎರಡನೆಯ ದಿನ ದಾಟಿದ ಮೇಲೆ ಸನ್ನಿ ಹಿಡಿಯಬಹುದು. ಅಷ್ಟು ದಿನ ಅವರಿಗೆ ವಾರ್ಡೇ ಸರಿ. ಡಯಾಜೆಪಾಮ್‌ನಂಥ ಮಂಪರಿನ ಮಾತ್ರೆ ಜಾಸ್ತಿ ನಡೆಯುತ್ತಿದ್ದರೂ ಕಾಯಬೇಕು. 450 ಕೆ.ಜಿ. ತೂಕದ ಪ್ರಾಣಿ ಪಕ್ಕಕ್ಕೆ ಸರಿದಾಗ ತಟ್ಟನೆ ಕಾಲು ತೆಗೆಯುವ ಚುರುಕು ಬೇಕಲ್ಲ!

ಲಾಯವನ್ನೂ ಮೊದಲೇ ಸಜ್ಜು ಮಾಡಬೇಕು. ಪಶುವೈದ್ಯರು ಬಳಸುವ ಕೆಟಮಿನ್, ಬ್ಯುಟಾರ್ಫನಾಲ್ ಮನುಷ್ಯರಿಗೂ ಚಟ ಹತ್ತಿಸುವ ಔಷಧಗಳು. ಅವು, ಸಿರಿಂಜು, ಸ್ಪಿರಿಟ್ ಬಾಟಲಿ ಯಾವುದನ್ನೂ ಅಲ್ಲಿ ಇಟ್ಟಿರಬಾರದು. ವೈದ್ಯರು ಬರುವಾಗ ತಂದು, ಹೋಗುವಾಗ ಒಯ್ಯಬೇಕು. ಕುಡಿತ ಬಿಟ್ಟವರಲ್ಲಿ ಸಿಗರೇಟು ಸೇದುವವರು ಹೆಚ್ಚು. ಒಣಹುಲ್ಲಿನ ಹತ್ತಿರ ಒಂದು ಕಿಡಿ ಸಾಕು, ಆದ್ದರಿಂದ ಸೇದುವ ಜಾಗ ದೂರದಲ್ಲಿ, ಮರಳಿನ ಬಕೆಟ್ ಸಮೇತ ಇರಲಿ.

ಕುದುರೆಗೆ ಮೂತಿಯ ನೇರ ಎದುರು ಮತ್ತು ಬಾಲದ ನೇರ ಹಿಂದೆ ಏನೂ ಕಾಣದು. ಹಾಗಾಗಿ ಮಾತಾಡಿಸುತ್ತ, ಎಡಭುಜದ ಕಡೆಯಿಂದ ಹೋಗಬೇಕು. ಹಗ್ಗವನ್ನು ಕೈಗೆ ಎಂದೂ ಸುತ್ತಿಕೊಳ್ಳಬಾರದು. ಕುದುರೆ ಬೆದರಿ ಎಳೆದರೆ ಬೆರಳೇ ಹೋಗುತ್ತದೆ. ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕುವುದನ್ನು ಕುದುರೆ ಇಲ್ಲದೆ, ಬರೀ ಕಂಬಕ್ಕೆ ಹತ್ತು ಸಲ ಅಭ್ಯಾಸ ಮಾಡಿಸಿ. ಆಮೇಲೆ ರಬ್ಬರ್ ಬ್ರಶ್ಶಿನಿಂದ ಸುತ್ತು ಸುತ್ತಾಗಿ ಉಜ್ಜಿ ಧೂಳು ಎಬ್ಬಿಸಬೇಕು, ಗಟ್ಟಿ ಬ್ರಶ್ಶಿನಿಂದ ಕೂದಲಿನ ದಿಕ್ಕಿಗೆ ಅದನ್ನು ಕೊಡವಬೇಕು. ಮುಖ, ಮೊಣಕಾಲಿನ ಕೆಳಗೆ ಮೆತ್ತನೆಯದೇ ಆಗಬೇಕು. ಗೊರಸನ್ನು ಹಿಮ್ಮಡಿಯಿಂದ ತುದಿಯ ಕಡೆಗೆ ಕೆರೆಯಬೇಕು. ನಡುವಿನ ತ್ರಿಕೋನದ ಮೆತ್ತನೆ ಭಾಗ ಕೊಳೆತ ವಾಸನೆ ಹೊಡೆದರೆ ಹಾಸು ಒದ್ದೆಯಿದೆ ಎಂದರ್ಥ.

ಗೊರಸು ಎತ್ತುವಾಗಲೇ ಹೆಚ್ಚಿನವರು ಸೋಲುವುದು. ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಕಾಲು ಎಳೆಯುತ್ತಾರೆ, ಕುದುರೆ ಇನ್ನಷ್ಟು ಊರಿ ನಿಲ್ಲುತ್ತದೆ. ಆಗ ನಿಲ್ಲಿಸಿ, ಕುದುರೆಯ ಎಡ ಮುಂಗಾಲಿನ ಮೊಣಕೈಯ ಹಿಂದೆ ಅಂಗೈ ಇಟ್ಟು 15 ಸೆಕೆಂಡು ಎದೆಬಡಿತ ಎಣಿಸಿ ನಾಲ್ಕರಿಂದ ಗುಣಿಸಲು ಹೇಳಿ. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಗೆ ನಿಮಿಷಕ್ಕೆ 28ರಿಂದ 44. ಸ್ಟೆತಸ್ಕೋಪ್ ಇದ್ದರೆ ಇನ್ನೂ ಸುಲಭ. ಎಣಿಸಬೇಕೆಂದರೆ ಸುಮ್ಮನೆ ನಿಲ್ಲಲೇಬೇಕು, ನಿಂತಾಗ ಉಸಿರು ತಾನಾಗಿ ನಿಧಾನವಾಗುತ್ತದೆ. ಕುದುರೆಗೆ ನಮ್ಮ ಒಳಗುಟ್ಟು ತಿಳಿಯುತ್ತದೆ ಎನ್ನುವವರಿದ್ದಾರೆ. ನಾನು ಅಷ್ಟು ಹೇಳಲಾರೆ. ನಮ್ಮ ಬಿಗಿದ ಹೆಗಲು, ಅವಸರದ ನಡಿಗೆ ಅದಕ್ಕೆ ತಿಳಿಯುತ್ತದೆ, ಈ ಕೆಲಸಕ್ಕೆ ಅಷ್ಟು ಧಾರಾಳ.

ಮೇವಿನ ಪಾಠ ನನಗೆ ಎಲ್ಲಕ್ಕಿಂತ ಮುಖ್ಯ. ದಿನಕ್ಕೆ ಮೈತೂಕದ ಸುಮಾರು 2%, ಅಂದರೆ 450 ಕೆ.ಜಿ. ಕುದುರೆಗೆ 9 ಕೆ.ಜಿ.ಯಷ್ಟು ಒಣಹುಲ್ಲು, ಹಲವು ಸಲ ಹಂಚಿ. ನೀರು 25ರಿಂದ 45 ಲೀಟರ್, ಸೆಕೆಯಲ್ಲಿ ಇನ್ನೂ ಹೆಚ್ಚು. ನಮ್ಮಲ್ಲಿ ಹುರುಳಿ ಹಾಕುವುದಾದರೆ ನೆನೆಸಿ ಇಲ್ಲವೇ ಬೇಯಿಸಿ, ಅಳತೆ ಮಾಡಿಯೇ ಹಾಕಬೇಕು. ಯಾವ ಕಾಳೇ ಆಗಲಿ, ಒಂದು ಹೊತ್ತಿಗೆ 2 ಕೆ.ಜಿ. ದಾಟಬಾರದು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಪ್ರೀತಿ ಉಕ್ಕಿ ಎರಡು ಬೊಗಸೆ ಜಾಸ್ತಿ ಸುರಿಯುತ್ತ ಹೋದರೆ ಹೊಟ್ಟೆಶೂಲೆ ಬರಬಹುದು, ಗೊರಸಿನ ಒಳಪದರ ಉರಿಯೂತಕ್ಕೆ ಸಿಕ್ಕಿ ಕುಂಟಬಹುದು. ತಪ್ಪಿನ ಭಾರಕ್ಕೆ ಮನೆಯವರಿಗೆ ಒಮ್ಮೆಲೇ ಏನೇನೋ ತಂದುಕೊಟ್ಟು, ಮರುವಾರ ಮಾಯವಾದವರಿಗೆ ತಕ್ಕಡಿಯ ಮುಂದೆ ನಿಂತಾಗ ಈ ಮಾತು ಬೇಗ ಹತ್ತುತ್ತದೆ. ಚಿಕಿತ್ಸಕರು ವಿವರಿಸಲು ಹೋಗಬಾರದು. ಕೊನೆಯ 15 ನಿಮಿಷ “ಕುದುರೆ ಏನು ಮಾಡಿತು? ಆಗ ನೀವೇನು ಮಾಡಿದಿರಿ?” ಎಂದಷ್ಟೇ ಕೇಳಿದರೆ ಸಾಕು.

ನಡುವೆ ಒಬ್ಬರು ಮತ್ತೆ ಕುಡಿದರೆ? ಆ ದಿನ ಲಾಯದೊಳಗೆ ಬಿಡಬೇಡಿ, ಬಾಗಿಲಲ್ಲೇ ಉಸಿರು ಪರೀಕ್ಷೆ ಆಗಲಿ. ಆದರೆ ಶಿಕ್ಷೆಯೆಂದು ಕುದುರೆಯನ್ನು ಕಿತ್ತುಕೊಳ್ಳಬೇಡಿ. ಅಂದಿನ ಮೇವನ್ನು ಯಾರು ಹಾಕಿದರು ಎಂದು ಹಲಗೆಯ ಮೇಲೆ ಬರೆದಿಡಿ, ಮರುದಿನ ಅವರೇ ಓದಲಿ.

ಕುದುರೆಗೂ ದಣಿವಿದೆ. ಕಿವಿ ಹಿಂದಕ್ಕೆ ಅಂಟಿಸುವುದು, ಬಾಲ ಬೀಸುವುದು, ಬ್ರಶ್ ಕಂಡೊಡನೆ ಮೂಲೆಗೆ ತಿರುಗುವುದು ಕಂಡರೆ ಅಂದಿಗೆ ಬಿಟ್ಟುಬಿಡಿ.

ಬಿಡುಗಡೆಯ ದಿನವನ್ನು ಎರಡು ವಾರ ಮೊದಲೇ ತಿಳಿಸಿ. ಕೊನೆಯ ಸಲ ಬಂದಾಗ ಅವರು ಹೊಸಬರೊಬ್ಬರಿಗೆ ಗಂಟು ಹಾಕುವುದು, ಹುರುಳಿ ತೂಗುವುದು ಕಲಿಸಿ, ಮೇವಿನ ಪಟ್ಟಿಯನ್ನು ಕೈಗೆ ಕೊಟ್ಟು ಹೋಗಲಿ.